ಹಸಿರು ಬಾಟಲಿ: ಉಗಾಂಡದಲ್ಲಿ ಮಾರ್ಫಿನ್ ಮನೆಬಾಗಿಲಿಗೆ ಬಂದ ಬಗೆ

ಶುದ್ಧ ಮಾಡಿದ ನೀರು. ಅದಕ್ಕೆ ಅಳೆದು ಹಾಕಿದ ಮಾರ್ಫಿನ್ ಪುಡಿ, ಅಂದರೆ ಅಫೀಮಿನಿಂದ ತೆಗೆದ ನೋವಿನ ಮದ್ದು. ಕೆಡದಿರಲಿ ಅಂತ ಚೂರು ಪ್ರಿಸರ್ವೇಟಿವ್. ಕೊನೆಗೆ ತಿಂಡಿಗೆ ಹಾಕುವಂಥ ಬಣ್ಣ. ಉಗಾಂಡದ ರಾಜಧಾನಿ ಕಂಪಾಲಾದ ಮಕಿಂಡ್ಯೆ ಎಂಬಲ್ಲಿ ತಯಾರಾಗುವ ನೋವಿನ ಔಷಧಿಯಲ್ಲಿ ಇರುವುದು ಇಷ್ಟೇ.

ಹಸಿರು ಬಣ್ಣದ್ದು ಕಡಿಮೆ ಶಕ್ತಿಯದು. 5 ಮಿಲಿಲೀಟರಿನಲ್ಲಿ 5 ಮಿಲಿಗ್ರಾಂ ಮಾರ್ಫಿನ್ ಇರುತ್ತದೆ. ಕೆಂಪು ಬಣ್ಣದ್ದು ಅದರ ಹತ್ತು ಪಟ್ಟು ಗಟ್ಟಿ. ಬಣ್ಣ ಹಾಕುವುದು ಚೆಂದಕ್ಕಲ್ಲ. ಲೇಬಲ್ ಓದಲು ಬಾರದ ಮನೆಯವರಿಗೂ ಯಾವ ಬಾಟಲಿ ಯಾವುದು ಅಂತ ಗೊತ್ತಾಗಬೇಕು. ಬರೀ ನೀರು ಅಂದುಕೊಂಡು ಮಕ್ಕಳು ಕುಡಿದುಬಿಡಬಾರದು.

ಈ ಔಷಧಿಯಿಂದ ಯಾರ ಕ್ಯಾನ್ಸರೂ ವಾಸಿಯಾಗುವುದಿಲ್ಲ. ಆದರೆ ಮಗ್ಗುಲು ಬದಲಿಸಲೂ ಆಗದೆ ನರಳುತ್ತಿದ್ದವರು ಎದ್ದು ಕೂರುತ್ತಾರೆ, ಎರಡು ತುತ್ತು ತಿನ್ನುತ್ತಾರೆ, ಮನೆಯವರ ಜೊತೆ ಮಾತಾಡುತ್ತಾರೆ. ಪ್ಯಾಲಿಯೇಟಿವ್ ಕೇರ್ ಅಂದರೆ ಸುಮಾರಾಗಿ ಇದೇ. ಕಾಯಿಲೆಯನ್ನಲ್ಲ, ಕಾಯಿಲೆ ಕೊಡುವ ಸಂಕಟವನ್ನು ನೋಡಿಕೊಳ್ಳುವುದು.

"ಇನ್ನು ನಮ್ಮ ಕೈಲಿ ಏನೂ ಆಗಲ್ಲ, ಮನೆಗೆ ಕರ್ಕೊಂಡು ಹೋಗಿ." ಈ ಮಾತನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಕೇಳಿಸಿಕೊಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ನಾನೂ ಕೇಳಿಸಿಕೊಂಡಿದ್ದೇನೆ. ಮನೆಗೆ ಕರ್ಕೊಂಡು ಹೋದ ಮೇಲೆ ಏನು ಅನ್ನೋದನ್ನ ಮಾತ್ರ ಯಾರೂ ಹೇಳುವುದಿಲ್ಲ. ಉಗಾಂಡದ ಕಥೆ ಶುರುವಾಗುವುದೇ ಆ ಮಾತು ಮುಗಿಯುವ ಜಾಗದಲ್ಲಿ.

ಬಡ ದೇಶಗಳಲ್ಲಿ ಈ ಆರೈಕೆ ಯಾಕೆ ಸಿಗಲ್ಲ ಅಂದರೆ ಎಲ್ಲರೂ ದುಡ್ಡಿನ ಮಾತು ತೆಗೆಯುತ್ತಾರೆ. ಈ ಪ್ರಕರಣವನ್ನು ನೋಡಿದಷ್ಟೂ ನನಗೆ ಅನಿಸುವುದು, ದುಡ್ಡಿನ ಮಾತು ಆಮೇಲಿನದು. ಔಷಧಿ ಅಷ್ಟೇನೂ ದುಬಾರಿಯಲ್ಲ. ಅದನ್ನು ಬರೆದುಕೊಡುವ ಅಧಿಕಾರ ಯಾರ ಕೈಯಲ್ಲಿದೆ, ಆ ಕೈ ರೋಗಿಯ ಮನೆಯಿಂದ ಎಷ್ಟು ದೂರದಲ್ಲಿದೆ, ಅಲ್ಲಿದೆ ಗಂಟು.

ಮೂರು ತಿಂಗಳ ದುಡ್ಡು

ಈ ಕೆಲಸ ಶುರು ಮಾಡಿದ ಆ್ಯನ್ ಮೆರಿಮನ್ ಹುಟ್ಟಿದ್ದು 1935ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಡಾಕ್ಟರ್ ಆದರು, ಕ್ರೈಸ್ತ ಸನ್ಯಾಸಿನಿಯಾಗಿ ನೈಜೀರಿಯದಲ್ಲಿ ಕೆಲಸ ಮಾಡಿದರು, ಆಮೇಲೆ ಸನ್ಯಾಸ ಬಿಟ್ಟರು. 1980ರ ದಶಕದಲ್ಲಿ ಸಿಂಗಪುರದಲ್ಲಿದ್ದಾಗ ಕ್ಯಾನ್ಸರ್ ರೋಗಿಗಳು ನೋವಿನಲ್ಲೇ ಮನೆಗೆ ಹೋಗುವುದನ್ನು ಕಂಡರು. ಅಲ್ಲಿನ ಫಾರ್ಮಸಿಸ್ಟರ ಜೊತೆ ಸೇರಿ ಮಾರ್ಫಿನ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸುವ ಒಂದು ಸರಳ ವಿಧಾನ ಕಂಡುಕೊಂಡರು. ಇಂಜೆಕ್ಷನ್ ಬೇಡ, ದುಬಾರಿ ಮಾತ್ರೆ ಬೇಡ. ಈ ಸರಳತೆಯೇ ಮುಂದೆ ದೊಡ್ಡ ಉಪಕಾರಕ್ಕೆ ಬಂತು.

1990ರಲ್ಲಿ ಅವರು ಕೆನ್ಯಾದ ನೈರೋಬಿ ಹಾಸ್ಪಿಸ್‌ಗೆ ಬಂದರು. ಹಾಸ್ಪಿಸ್ ಅಂದರೆ ವಾಸಿಯಾಗದ ಕಾಯಿಲೆಯವರನ್ನು ಕೊನೆಯವರೆಗೆ ನೋಡಿಕೊಳ್ಳುವ ಜಾಗ. ಆಫ್ರಿಕಾದ ಬೇರೆ ದೇಶಗಳಿಗೂ ಹೊಂದುವ ಒಂದು ಮಾದರಿ ಕಟ್ಟಬೇಕು ಅಂತ ಹೊರಟಾಗ ಕೆಲವು ದೇಶಗಳನ್ನು ನೋಡಿ ಉಗಾಂಡವನ್ನು ಆರಿಸಿಕೊಂಡರು. ಅವರಿಗೆ ಬೇಕಾದದ್ದು ಮುಖ್ಯವಾಗಿ ಒಂದೇ: ಮಾರ್ಫಿನ್ ಪುಡಿ ತರಿಸಿಕೊಳ್ಳಲು ಸರ್ಕಾರ ಒಪ್ಪಬೇಕು. ಉಗಾಂಡ ಒಪ್ಪಿತು. ಇದು ಜಾಣತನದ ನಡೆ ಅಂತ ನನ್ನ ಅನಿಸಿಕೆ. ಬಹಳಷ್ಟು ಜನ ಮೊದಲು ಕಟ್ಟಡ ಕಟ್ಟುತ್ತಾರೆ, ಬೋರ್ಡ್ ಹಾಕುತ್ತಾರೆ, ಆಮೇಲೆ ಔಷಧಿಗೆ ಲೈಸೆನ್ಸ್ ಸಿಗದೆ ಅಲೆಯುತ್ತಾರೆ. ನೋವು ಕಡಿಮೆ ಮಾಡಲು ಆಗದ ಹಾಸ್ಪಿಸ್ ಕೈ ಹಿಡಿದು ಕೂರಬಹುದು, ಅಷ್ಟೇ.

1993ರಲ್ಲಿ ಕಂಪಾಲಾದ ನ್ಸಂಬ್ಯಾ ಆಸ್ಪತ್ರೆಯಲ್ಲಿ ಹಾಸ್ಪಿಸ್ ಆಫ್ರಿಕಾ ಉಗಾಂಡ ಶುರುವಾಯಿತು. ಮೆರಿಮನ್ ಮತ್ತು ಇಬ್ಬರು ನರ್ಸ್‌ಗಳು. ಕೈಯಲ್ಲಿದ್ದದ್ದು ಮೂರು ತಿಂಗಳಿಗೆ ಸಾಲುವಷ್ಟು ದುಡ್ಡು. ಓಡಾಡಲು ಯಾರೋ ಕೊಟ್ಟ ಹಳೇ ಲ್ಯಾಂಡ್ ರೋವರ್. ಮೊದಮೊದಲು ಔಷಧಿ ಕಲಸಿದ್ದು ಅಡುಗೆಮನೆಯಲ್ಲಿ. ಆಗ ಏಡ್ಸ್ ದೇಶವನ್ನು ಹಿಂಡುತ್ತಿತ್ತು, ಅದಕ್ಕೆ ಔಷಧಿ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಏಡ್ಸ್ ಜೊತೆಗೇ ಬರುವ ಕಪೋಸಿ ಸಾರ್ಕೋಮ ಎಂಬ ಕ್ಯಾನ್ಸರ್ ಮನೆಮನೆಯಲ್ಲೂ ಎಂಬಂತಿತ್ತು.

1998ರಲ್ಲಿ ಇನ್ನೆರಡು ಕಡೆ ಶಾಖೆ ತೆರೆದರು, ನೈಋತ್ಯದ ಎಂಬರಾರಾ ಮತ್ತು ಪಶ್ಚಿಮದ ಹೋಯಿಮಾದಲ್ಲಿ. ಮೂರು ಕಡೆಯೂ ಒಂದು ಸಂಗತಿ ಗಮನಿಸಬೇಕು. ಹೆಸರು ಹಾಸ್ಪಿಸ್, ಆದರೆ ರೋಗಿ ಮಲಗಲು ಒಂದು ಹಾಸಿಗೆಯೂ ಇಲ್ಲ. ಇದು ಬಡತನಕ್ಕೆ ಮಾಡಿಕೊಂಡ ರಾಜಿಯಲ್ಲ. ಉಗಾಂಡದ ಜನಕ್ಕೆ ತಮ್ಮ ಊರಿನಲ್ಲಿ, ತಮ್ಮವರ ನಡುವೆ ಸಾಯಬೇಕು, ಹಿರಿಯರನ್ನು ಹೂತ ನೆಲದಲ್ಲೇ ಮಣ್ಣಾಗಬೇಕು ಅಂತ ಆಸೆ. ದೂರದ ಪಟ್ಟಣದಲ್ಲಿ ಸತ್ತರೆ ಹೆಣ ಊರಿಗೆ ಸಾಗಿಸುವ ಖರ್ಚಿಗೆ ಕುಟುಂಬ ಸಾಲಕ್ಕೆ ಬೀಳುತ್ತದೆ. ಹಾಗಾಗಿ ರೋಗಿಯನ್ನು ಹಾಸಿಗೆಗೆ ಕರೆಸುವ ಬದಲು ಔಷಧಿಯನ್ನೇ ರೋಗಿಯ ಮನೆಗೆ ಕಳಿಸಿದರು.

ಬರೆದುಕೊಡುವವರು ಯಾರು?

ಇಲ್ಲೇ ತೊಡಕು ಕಾಣಿಸಿಕೊಂಡಿದ್ದು. ಪುಡಿ ಇದೆ, ನೀರಿದೆ, ಬಾಟಲಿ ಇದೆ. ಮಾರ್ಫಿನ್ ಬರೆದುಕೊಡುವ ಅಧಿಕಾರ ಮಾತ್ರ ಡಾಕ್ಟರಿಗೆ. ಡಾಕ್ಟರುಗಳು ಇರುವುದು ಕಂಪಾಲಾದಲ್ಲಿ, ದೊಡ್ಡ ಪಟ್ಟಣಗಳಲ್ಲಿ. ಹಳ್ಳಿಯ ಬಹುಪಾಲು ಜನ ಜೀವಮಾನದಲ್ಲಿ ಒಮ್ಮೆಯೂ ಡಾಕ್ಟರ ಮುಖ ನೋಡದೆ ಸಾಯುತ್ತಿದ್ದರು. ಹಳ್ಳಿಯ ಆರೋಗ್ಯ ಕೇಂದ್ರ ನಡೆಸುವುದು ನರ್ಸ್ ಅಥವಾ ಕ್ಲಿನಿಕಲ್ ಆಫೀಸರ್. ಕ್ಲಿನಿಕಲ್ ಆಫೀಸರ್ ಅಂದರೆ ಎಂಬಿಬಿಎಸ್ ಮಾಡದೆ, ಕೆಲವು ವರ್ಷ ವೈದ್ಯಕೀಯ ತರಬೇತಿ ಪಡೆದು ರೋಗಿಗಳನ್ನು ನೋಡುವವರು.

ನರ್ಸ್ ಎದುರೇ ರೋಗಿ ಕಿರುಚುತ್ತಿದ್ದಾರೆ. ಔಷಧಿ ಏನು, ಎಷ್ಟು ಕೊಡಬೇಕು ಅಂತ ನರ್ಸಿಗೆ ಗೊತ್ತಿದೆ. ಸಹಿ ಹಾಕುವ ಅಧಿಕಾರ ಇಲ್ಲ.

ಮೊದಲ ಹೆಜ್ಜೆ ಕಾಗದದ ಮೇಲಾಯಿತು. 2000ದಿಂದ 2005ರ ಆರೋಗ್ಯ ಯೋಜನೆಯಲ್ಲಿ ಸರ್ಕಾರ ಪ್ಯಾಲಿಯೇಟಿವ್ ಕೇರ್ ಅನ್ನು ಅಗತ್ಯ ಸೇವೆಗಳ ಪಟ್ಟಿಗೆ ಸೇರಿಸಿತು. ಇಂಥ ಪಟ್ಟಿಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ, ಅಲ್ವಾ? ಅದರಿಂದಷ್ಟೇ ಏನೂ ಆಗುತ್ತಿರಲಿಲ್ಲ. ನಿಜವಾದ ತಿರುವು ಬಂದಿದ್ದು 2004ರಲ್ಲಿ. ಪ್ಯಾಲಿಯೇಟಿವ್ ಕೇರಿನಲ್ಲಿ ವಿಶೇಷ ತರಬೇತಿ ಪಡೆದ ನರ್ಸ್‌ಗಳು ಮತ್ತು ಕ್ಲಿನಿಕಲ್ ಆಫೀಸರುಗಳು ಮಾರ್ಫಿನ್ ಬರೆದುಕೊಡಬಹುದು ಅಂತ ನಿಯಮ ಬಂತು. ಇದಕ್ಕೆ ಒಂಬತ್ತು ತಿಂಗಳ ಕೋರ್ಸು. ಆಫ್ರಿಕಾದಲ್ಲಿ ನರ್ಸ್‌ಗಳ ಕೈಗೆ ಈ ಅಧಿಕಾರ ಕೊಟ್ಟ ಮೊದಲ ದೇಶ ಉಗಾಂಡ. ಔಷಧಿ ರೋಗಿಗೆ ಉಚಿತ, ದುಡ್ಡು ಸರ್ಕಾರದ್ದು.

ಒಂಬತ್ತು ತಿಂಗಳು ಕಡಿಮೆಯೇನಲ್ಲ. ಸುಮ್ನೆ ಒಂದು ವಾರದ ವರ್ಕ್‌ಶಾಪ್ ಮಾಡಿ ಸರ್ಟಿಫಿಕೇಟ್ ಹಂಚಿದ್ದರೆ ಡಾಕ್ಟರುಗಳ ಸಂಘಗಳು ತಕರಾರು ತೆಗೆಯುವುದು ನ್ಯಾಯವೇ ಆಗಿರುತ್ತಿತ್ತು. ಡೋಸ್ ಏರಿಸುವುದು ಹೇಗೆ, ಯಾವ ನೋವಿಗೆ ಮಾರ್ಫಿನ್ ಕೆಲಸ ಮಾಡಲ್ಲ, ಜಾಸ್ತಿಯಾದರೆ ಏನಾಗುತ್ತದೆ, ಸಾವಿನ ಸುದ್ದಿ ಹೇಳುವುದು ಹೇಗೆ, ಇದೆಲ್ಲ ರೋಗಿಗಳ ಪಕ್ಕದಲ್ಲೇ ನಿಂತು ಕಲಿಯಬೇಕಾದದ್ದು.

ಎಂಬರಾರಾದ ದಾರಿಬದಿ

ಎಂಬರಾರಾ ಸೀಮೆ ಅಂದರೆ ಗುಡ್ಡಗಳು, ಬಾಳೆತೋಟಗಳು, ಉದ್ದ ಕೊಂಬಿನ ಹಸುಗಳು. ಮನೆಗಳು ಗುಡ್ಡದ ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು. ಒಂದೊಂದೇ ಮನೆ ಹುಡುಕಿಕೊಂಡು ಹೋದರೆ ದಿನಕ್ಕೆ ಎರಡು ಮನೆ ಮುಗಿಸುವುದೂ ಕಷ್ಟ. ಅದಕ್ಕೆ ಅಲ್ಲಿನ ತಂಡ ದಾರಿಬದಿ ಕ್ಲಿನಿಕ್ ಮಾಡಿತು. ಗೊತ್ತುಮಾಡಿದ ದಿನ, ಗೊತ್ತುಮಾಡಿದ ಜಾಗದಲ್ಲಿ ಗಾಡಿ ನಿಲ್ಲುತ್ತದೆ. ನಡೆಯಬಲ್ಲವರು ಬರುತ್ತಾರೆ, ಆಗದವರ ಮನೆಯಿಂದ ಯಾರಾದರೂ ಬರುತ್ತಾರೆ. ತೀರಾ ಹಾಸಿಗೆ ಹಿಡಿದವರ ಮನೆಗೆ ಮಾತ್ರ ತಂಡವೇ ಹೋಗುತ್ತದೆ. ಯಾರ ಮನೆಯಲ್ಲಿ ಯಾರು ನರಳುತ್ತಿದ್ದಾರೆ ಅಂತ ಪತ್ತೆ ಹಚ್ಚುವುದು ಊರಿನದೇ ಸ್ವಯಂಸೇವಕರ ಕೆಲಸ. ಅವರಿಗೆ ತರಬೇತಿ ಕೊಟ್ಟು, ಓಡಾಡಲು ಸೈಕಲ್ ಕೊಟ್ಟರು.

ಮನೆ ಭೇಟಿಯಲ್ಲಿ ನರ್ಸ್ ಮಾಡುವ ಕೆಲಸ ಹತ್ತಿರದಿಂದ ನೋಡಿದರೆ ಅದರಲ್ಲಿ ಪವಾಡವೇನೂ ಇಲ್ಲ. ಎಲ್ಲಿ ನೋವು, ಯಾವಾಗ ಜಾಸ್ತಿ, ರಾತ್ರಿ ಎಷ್ಟು ಹೊತ್ತು ನಿದ್ದೆ ಬಂತು ಅಂತ ಕೇಳುತ್ತಾರೆ. ಹಸಿರು ಬಾಟಲಿ ತೆಗೆದು, ಎಷ್ಟು ಎಳೆಯಬೇಕು ಅಂತ ಸೂಜಿಯಿಲ್ಲದ ಸಿರಿಂಜಿನಲ್ಲಿ ಮನೆಯವರ ಕೈಲೇ ಎಳೆಸಿ ತೋರಿಸುತ್ತಾರೆ. ನಾಲ್ಕು ಗಂಟೆಗೊಮ್ಮೆ ಕೊಡಬೇಕು. ನೋವು ಬಂದ ಮೇಲಲ್ಲ, ಬರುವ ಮೊದಲೇ. ಗಡಿಯಾರ ಇಲ್ಲದ ಮನೆಯಲ್ಲಿ ಬೆಳಕು ಹರಿದಾಗ, ಹೊತ್ತು ನೆತ್ತಿಗೆ ಬಂದಾಗ ಅಂತ ಹೇಳಿಕೊಡಬೇಕಾಗುತ್ತದೆ. ಮಲಗುವಾಗ ಮಾತ್ರ ಎರಡು ಡೋಸ್ ಒಟ್ಟಿಗೆ. ನಡುರಾತ್ರಿ ಔಷಧಿಗಾಗಿ ಎಬ್ಬಿಸಬಾರದು ಅಂತ.

ಮಾರ್ಫಿನ್ ಕುಡಿದವರಿಗೆ ಮಲಬದ್ಧತೆ ಕಟ್ಟಿಟ್ಟದ್ದು. ಅದನ್ನು ಮರೆತರೆ ರೋಗಿ ನೋವಿಗಿಂತ ಹೊಟ್ಟೆ ಉಬ್ಬರಕ್ಕೇ ಹೆದರಿ ಔಷಧಿ ಬಿಟ್ಟುಬಿಡುತ್ತಾರೆ. ಮಲ ಸಲೀಸಾಗಿ ಹೋಗುವ ಮಾತ್ರೆ ಜೊತೆಗೇ ಕೊಡಬೇಕು. ಅದು ಸಿಗದ ಕಡೆ ಉಗಾಂಡದವರು ಪಪ್ಪಾಯಿ ಬೀಜ ಒಣಗಿಸಿ ಪುಡಿ ಮಾಡಿ ಕೊಡುತ್ತಾರೆ. ಪಪ್ಪಾಯಿ ಗಿಡ ಹಿತ್ತಲಲ್ಲೇ ಇರುತ್ತದಲ್ಲ!

ಇನ್ನೊಂದು ಸಂಗತಿ ಗಾಯದ ವಾಸನೆ. ಸ್ತನದ ಅಥವಾ ಬಾಯಿಯ ಕ್ಯಾನ್ಸರ್ ಒಡೆದು ಹೊರಗೆ ಬಂದಾಗ ಕೊಳೆತ ವಾಸನೆ ಬರುತ್ತದೆ. ಅದನ್ನು ಒಮ್ಮೆ ಮೂಸಿದವರು ಮರೆಯಲ್ಲ. ಆ ವಾಸನೆಯಿಂದ ಗಂಡ ಬೇರೆ ಕೋಣೆಗೆ ಹೋಗುತ್ತಾನೆ, ಮೊಮ್ಮಕ್ಕಳು ಹತ್ತಿರ ಬರುವುದಿಲ್ಲ, ನೆಂಟರು ಹೊರಗಿಂದಲೇ ಮಾತಾಡಿಸಿ ಹೋಗುತ್ತಾರೆ. ಅದಕ್ಕೆ ಮದ್ದು ಮೆಟ್ರೊನಿಡಜೋಲ್ ಮಾತ್ರೆ. ನಾವು ಭೇದಿಗೆ ನುಂಗುತ್ತೇವಲ್ಲ, ಅದೇ. ಕುಟ್ಟಿ ಪುಡಿ ಮಾಡಿ, ತೊಳೆದ ಗಾಯದ ಮೇಲೆ ಉದುರಿಸುತ್ತಾರೆ. ಕೆಲವು ದಿನದಲ್ಲಿ ವಾಸನೆ ಇಳಿಯುತ್ತದೆ. ಮೊಮ್ಮಗು ಮತ್ತೆ ಮಂಚದ ಹತ್ತಿರ ಬರುತ್ತದೆ. ಪುಡಿಗಾಸಿನ ಮಾತ್ರೆ. ಇಡೀ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಮಾರ್ಫಿನ್ ಅಲ್ಲ, ಇದು.

ಚಟ ಹತ್ತುವುದಿಲ್ಲವೇ, ಕಳ್ಳಮಾಲಾಗುವುದಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ಹಸಿರು ದ್ರಾವಣ ಎಷ್ಟು ತೆಳುವಾಗಿದೆ ಅಂದರೆ ನಶೆಗಾಗಿ ಕುಡಿಯುವವರು ಆ ಕಹಿಯನ್ನು ಬಾಟಲಿಗಟ್ಟಲೆ ಕುಡಿಯಬೇಕು. ಚುಚ್ಚಿಕೊಳ್ಳಲು ಬರುವುದಿಲ್ಲ. ಜೊತೆಗೆ ಬೀಗ, ರಿಜಿಸ್ಟರ್, ಲೆಕ್ಕ ಎಲ್ಲ ಇದೆ.

ಸಿಕ್ಕಿಕೊಂಡ ಜಾಗಗಳು

ಎಲ್ಲ ಸುಸೂತ್ರ ನಡೆಯಿತು ಅಂತಲ್ಲ. 2010ರ ಆಸುಪಾಸಿನಲ್ಲಿ ದೇಶದಲ್ಲಿ ಮಾರ್ಫಿನ್ ದಾಸ್ತಾನೇ ಖಾಲಿಯಾಗಿ ಪರದಾಡುವಂತಾಯಿತು. ಒಮ್ಮೆ ಶುರು ಮಾಡಿದ ಮಾರ್ಫಿನ್ ಹಠಾತ್ತಾಗಿ ನಿಂತರೆ ರೋಗಿಗೆ ಎರಡು ಕಷ್ಟ: ನೋವು ತಿರುಗಿ ಬರುತ್ತದೆ, ಮೈ ಔಷಧಿ ಕೇಳುತ್ತದೆ. ಇದಾದ ಮೇಲೆ ಸರ್ಕಾರ ಮತ್ತು ಹಾಸ್ಪಿಸ್ ಒಂದು ಒಪ್ಪಂದ ಮಾಡಿಕೊಂಡವು. ಪುಡಿಯ ಖರ್ಚು ಸರ್ಕಾರದ್ದು, ಮಕಿಂಡ್ಯೆಯಲ್ಲಿ ಕಲಸಿ ಬಾಟಲಿಗೆ ತುಂಬುವುದು ಹಾಸ್ಪಿಸ್, ದೇಶದ ಆಸ್ಪತ್ರೆಗಳಿಗೆ ಹಂಚುವುದು ಸರ್ಕಾರದ ಔಷಧಿ ಉಗ್ರಾಣ. ಅಡುಗೆಮನೆಯಲ್ಲಿ ಶುರುವಾದದ್ದು ಇಡೀ ದೇಶದ ಸರಬರಾಜಾಯಿತು.

2016ರಲ್ಲಿ ಇನ್ನೊಂದು ಪೆಟ್ಟು. ಇಡೀ ದೇಶಕ್ಕೆ ಇದ್ದದ್ದು ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಒಂದೇ ರೇಡಿಯೋಥೆರಪಿ ಯಂತ್ರ, ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿ. ಅದು ರಿಪೇರಿ ಮಾಡಲಾಗದಂತೆ ಕೆಟ್ಟಿತು. ಹೊಸದು ಬರಲು ಒಂದೂವರೆ ವರ್ಷಕ್ಕೂ ಜಾಸ್ತಿ ಹಿಡಿಯಿತು. ಗರ್ಭಕಂಠದ ಕ್ಯಾನ್ಸರಿನ ಹೆಂಗಸರಲ್ಲಿ ನೈರೋಬಿಗೆ ಹೋಗುವ ಶಕ್ತಿ ಇದ್ದವರು ಹೋದರು, ಉಳಿದವರ ಪಾಲಿಗೆ ಹಸಿರು ಬಾಟಲಿ. ಇಲ್ಲಿ ಹುಷಾರಾಗಿರಬೇಕು. ಗುಣವಾಗಬಹುದಾದ ಕಾಯಿಲೆಗೆ ಚಿಕಿತ್ಸೆ ಕೊಡಲಾಗದೆ ನೋವಿನ ಔಷಧಿ ಕೊಟ್ಟರೆ ಅದನ್ನು ಸಾಧನೆ ಅನ್ನೋಕೆ ಬರಲ್ಲ. ಮಾರ್ಫಿನ್ ಅಗ್ಗ ಅನ್ನುವುದು ಸರ್ಕಾರಗಳಿಗೆ ನೆಪವೂ ಆಗಬಹುದು.

ತರಬೇತಿ ಪಡೆದ ನರ್ಸ್‌ಗಳ ಕಥೆ ನಮಗೆ ಚೆನ್ನಾಗಿ ಗೊತ್ತಿರುವಂಥದ್ದೇ. ಒಂಬತ್ತು ತಿಂಗಳು ಕಲಿತು ವಾಪಸ್ ಬರುತ್ತಾರೆ, ಹೆರಿಗೆ ವಾರ್ಡಿಗೆ ಹಾಕುತ್ತಾರೆ. ಇಲ್ಲವೇ ಇನ್ನೊಂದು ಜಿಲ್ಲೆಗೆ ವರ್ಗ. ಬರೆದುಕೊಡಬಲ್ಲ ಒಬ್ಬರು ಹೋದರೆ ಆ ಜಿಲ್ಲೆಯ ಬೀರುವಿನಲ್ಲಿ ಬಾಟಲಿ ಇದ್ದರೂ ಇಲ್ಲದಂತೆ. ಮನೆ ಭೇಟಿಯ ಗಾಡಿ, ಡೀಸೆಲ್, ಸಂಬಳಕ್ಕೆ ಹೊರದೇಶದ ದಾನಿಗಳನ್ನು ನೆಚ್ಚಿಕೊಂಡದ್ದೂ ದೊಡ್ಡ ದೌರ್ಬಲ್ಯ. ಔಷಧಿ ಅಗ್ಗ ನಿಜ, ಅದನ್ನು ಗುಡ್ಡ ಹತ್ತಿಸುವುದು ಅಗ್ಗವಲ್ಲ. ಇಷ್ಟೆಲ್ಲ ಆದರೂ ಈ ಆರೈಕೆ ಬೇಕಾದವರಲ್ಲಿ ಸಣ್ಣ ಪಾಲಿಗಷ್ಟೇ ಅದು ತಲುಪುತ್ತಿದೆ.

ಜಗತ್ತಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಆ ಸಣ್ಣ ಪಾಲೂ ದೊಡ್ಡದೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವರ್ಷಕ್ಕೆ ಸುಮಾರು 5.68 ಕೋಟಿ ಜನಕ್ಕೆ ಪ್ಯಾಲಿಯೇಟಿವ್ ಕೇರ್ ಬೇಕು, ಸಿಗುವುದು ನೂರರಲ್ಲಿ ಹದಿನಾಲ್ಕು ಜನಕ್ಕೆ. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ ಇನ್ನೊಂದು ಲೆಕ್ಕ ಕೊಟ್ಟಿತು. ಜಗತ್ತಿನಲ್ಲಿ ವರ್ಷಕ್ಕೆ ಹಂಚಿಕೆಯಾಗುವ ಮಾರ್ಫಿನ್ ಮಾದರಿಯ ನೋವಿನ ಔಷಧಿ 298.5 ಟನ್. ಅದರಲ್ಲಿ ಅತಿ ಬಡ ದೇಶಗಳಿಗೆ ಹೋಗುವುದು 0.1 ಟನ್. ಅಂದರೆ ನೂರು ಕೆಜಿ, ಎರಡು ಸಿಮೆಂಟ್ ಮೂಟೆಯಷ್ಟು.

ನಮ್ಮ ಅಫೀಮು, ನಮ್ಮ ಬೀಗ

2015ರಲ್ಲಿ ಬ್ರಿಟನ್ನಿನ ಎಕನಾಮಿಸ್ಟ್ ಪತ್ರಿಕೆ ಬಳಗದ ಸಂಶೋಧನಾ ಘಟಕ 80 ದೇಶಗಳಲ್ಲಿ ಸಾಯುವವರ ಆರೈಕೆ ಹೇಗಿದೆ ಅಂತ ಪಟ್ಟಿ ಮಾಡಿತು. ಉಗಾಂಡ 35ನೇ ಸ್ಥಾನ. ಭಾರತ 67.

ನಮಗೆ ಮಾರ್ಫಿನ್ ಕೊರತೆಯೇ? ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ಹೊಲಗಳಲ್ಲಿ ಬೆಳೆದು, ನೀಮಚ್ ಮತ್ತು ಗಾಜಿಪುರದ ಸರ್ಕಾರಿ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿಂದ ಹೊರದೇಶಗಳಿಗೂ ಕಳಿಸುತ್ತೇವೆ. ಆದರೆ 1985ರಲ್ಲಿ ಮಾದಕ ವಸ್ತು ಕಾಯ್ದೆ ಬಂತು. ಲೆಕ್ಕ ತಪ್ಪಿದರೆ ಹತ್ತು ವರ್ಷ ಜೈಲಾಗಬಹುದು ಅಂತ ಆಸ್ಪತ್ರೆಗಳು ಹೆದರಿದವು. ಬೇರೆ ಬೇರೆ ಇಲಾಖೆಗಳಿಂದ ನಾಲ್ಕೈದು ಲೈಸೆನ್ಸ್ ಬೇಕಿತ್ತು. ಕೊನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ವರ್ಷಕ್ಕೆ ನೂರಾರು ಕೆಜಿ ಇದ್ದ ದೇಶದ ಮಾರ್ಫಿನ್ ಬಳಕೆ 1990ರ ದಶಕದ ಕೊನೆಗೆ 18 ಕೆಜಿ ಆಸುಪಾಸಿಗೆ ಬಿತ್ತು. ಒಂದು ತಲೆಮಾರಿನ ಡಾಕ್ಟರುಗಳು ಮಾರ್ಫಿನ್ ಬರೆಯುವುದನ್ನು ಕಲಿಯದೆಯೇ ಪಾಸಾದರು. 2014ರಲ್ಲಿ ಕಾಯ್ದೆ ತಿದ್ದಿ ಲೈಸೆನ್ಸ್ ಸರಳ ಮಾಡಿದರು. ಕಾಗದ ಬದಲಾಗಿದೆ, ಹೆದರಿಕೆ ಇನ್ನೂ ಪೂರ್ತಿ ಹೋಗಿಲ್ಲ.

ನಮ್ಮಲ್ಲಿ ಇದನ್ನು ಮಾಡಿ ತೋರಿಸಿದವರು ಪಕ್ಕದ ಕೇರಳದವರು. ಕಂಪಾಲಾದಲ್ಲಿ ಶುರುವಾದ ಅದೇ 1993ರಲ್ಲಿ ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ ಕಟ್ಟಿದರು. ಉಗಾಂಡ ನರ್ಸ್‌ಗಳ ಕೈಗೆ ಕೆಲಸ ಕೊಟ್ಟಿತು, ಕೇರಳ ನೆರೆಹೊರೆಯವರ ಕೈಗೆ. ಆಟೋ ಓಡಿಸುವವರು, ಕಾಲೇಜು ಹುಡುಗರು, ನಿವೃತ್ತ ಮೇಷ್ಟ್ರುಗಳು ರೋಗಿಗಳ ಮನೆಗೆ ಹೋದರು, ಊರವರೇ ಪುಡಿಗಾಸು ಕೂಡಿಸಿದರು. 2008ರಲ್ಲಿ ಸರ್ಕಾರ ಅದನ್ನು ನೀತಿಯಾಗಿ ಒಪ್ಪಿಕೊಂಡಿತು, ಪಂಚಾಯಿತಿಗಳು ಮನೆ ಭೇಟಿಯ ನರ್ಸ್‌ಗಳನ್ನು ಇಟ್ಟುಕೊಂಡವು. ಆದರೂ ಮಾರ್ಫಿನ್ ಚೀಟಿಗೆ ಸಹಿ ಮಾತ್ರ ಇವತ್ತಿಗೂ ಡಾಕ್ಟರದ್ದೇ. ಉಗಾಂಡ 2004ರಲ್ಲಿ ದಾಟಿದ ಹೊಸ್ತಿಲನ್ನು ನಾವು ದಾಟಿಲ್ಲ. ಡಾಕ್ಟರುಗಳು ಜಾಸ್ತಿ ಇರುವ ಕೇರಳಕ್ಕೆ ಅದು ಅಷ್ಟು ತೊಡಕಾಗಲಿಲ್ಲ. ಯಾದಗಿರಿಯ ಮೂಲೆಯ ಹಳ್ಳಿಗೆ, ಮಲೆನಾಡಿನ ಒಂಟಿಮನೆಗೆ ಆಗುತ್ತದೆ.

ಕಾರಿಡಾರಿನಲ್ಲಿ ಆ ಮಾತು ಕೇಳಿಸಿಕೊಂಡೆ ಅಂದೆನಲ್ಲ, ಅದು ನಮ್ಮ ಚಿಕ್ಕಮ್ಮನ ವಿಷಯ. ಮನೆಗೆ ಕರೆದುಕೊಂಡು ಬಂದ ಮೇಲೆ ಆರು ವಾರ ಇದ್ದರು. ಆಸ್ಪತ್ರೆಯವರು ಚೀಟಿಯಲ್ಲಿ ಬರೆದುಕೊಟ್ಟದ್ದು ಸಾಧಾರಣ ನೋವಿನ ಮಾತ್ರೆ. ದಿನಕ್ಕೆ ಮೂರು. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಬೆಳಗಿನ ಮಾತ್ರೆಗೆ ಕಾಯುತ್ತಿದ್ದರು. "ಇನ್ನೊಂದು ಕೊಡೋ" ಅಂದರೆ ನಾವು "ಜಾಸ್ತಿ ತಗೋಬಾರದು ಚಿಕ್ಕಮ್ಮ" ಅನ್ನುತ್ತಿದ್ದೆವು. ಮಾರ್ಫಿನ್ ಅಂತ ಒಂದಿದೆ, ಬಾಯಿಗೆ ಹಾಕುವ ಮಾತ್ರೆಯಾಗಿಯೂ ಸಿಗುತ್ತದೆ, ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಯಲ್ಲಿ ಅದಕ್ಕೇ ವಿಭಾಗ ಇದೆ, ಮಾರತ್ತಹಳ್ಳಿಯ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತಗೊಳ್ಳದೆ ನೋಡಿಕೊಳ್ಳುತ್ತಾರೆ, ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ಯಾರೂ ಹೇಳಲೂ ಇಲ್ಲ.

ಈಗಾಗಿದ್ದರೆ ಕಾರಿಡಾರಿನಲ್ಲೇ ಕೇಳುತ್ತಿದ್ದೆ: "ಮಾರ್ಫಿನ್ ಮಾತ್ರೆ ಇಲ್ಲಿ ಇಟ್ಟಿದ್ದೀರಾ ಡಾಕ್ಟ್ರೇ? ಇಲ್ಲ ಅಂದ್ರೆ ಹತ್ತಿರದಲ್ಲಿ ಎಲ್ಲಿ ಸಿಗುತ್ತೆ? ಬರೆದುಕೊಡೋರು ಯಾರು?"